ಹಸಿವು ಹೋದವನು ಉಣ್ಣತಕ್ಕದ್ದೋ?



ಆರೋಗ್ಯವುಳ್ಳವನಿಗೆ ಊಟವು ಒಂದು ಪ್ರಶ್ನೆಯಲ್ಲ. ಹೊತ್ತು ಏರಿದ ಹಾಗೆ ಹೊಟ್ಟೆಯೇ ಅವನನ್ನು ಕರೆಯುತ್ತದೆ. ಹೊಲದಿಂದ ಬಂದು ಕೈಕಾಲು ತೊಳೆದು ಕೂತವನಿಗೆ ರೊಟ್ಟಿಯೂ ಸೊಪ್ಪಿನ ಪಲ್ಯವೂ ಸಾಕು. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥವನನ್ನು ನೋಡಿಯೇ. ಆದರೆ ಬೇನೆಯು ಮನೆಯನ್ನು ಹೊಕ್ಕಾಗ ಈ ಕರೆಯು ನಿಂತುಹೋಗುತ್ತದೆ. ನಿನ್ನೆಯ ತನಕ ಇಷ್ಟವಾಗಿದ್ದ ಒಗ್ಗರಣೆಯ ವಾಸನೆಯು ಇಂದು ಓಕರಿಕೆಯನ್ನು ತರುತ್ತದೆ. ಅನ್ನವು ಬಾಯಲ್ಲಿ ಹೊಟ್ಟಿನಂತಾಗುತ್ತದೆ. ರೋಗಿಯು ತಟ್ಟೆಯನ್ನು ಸರಿಸಿ, "ನನಗೆ ಬೇಡ, ಮಕ್ಕಳಿಗೆ ಹಾಕು" ಎಂದು ಗೋಡೆಯ ಕಡೆಗೆ ತಿರುಗಿ ಮಲಗುವನು. ಹೆಂಡತಿಯು ಕಣ್ಣೊರಸಿಕೊಂಡು ಆ ತಟ್ಟೆಯನ್ನು ಒಳಗೆ ಒಯ್ಯುವಳು.

ಇಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಹಸಿವಿಲ್ಲದ ರೋಗಿಯು ಉಣ್ಣಬೇಕೆಂಬ ಹಂಗು ಅವನಿಗೆ ಉಂಟೋ? ಉಂಟಾದರೆ, ಅವನ ಬಳಿಯಲ್ಲಿರುವವರು ಅವನಿಗೆ ಬಲವಂತದಿಂದ ಉಣ್ಣಿಸಬಹುದೋ? ಇವು ಅಡಿಗೆಮನೆಯ ಮಾತುಗಳಂತೆ ತೋರಿದರೂ ನಿಜವಾಗಿ ಧರ್ಮದ ಮಾತುಗಳೇ ಆಗಿವೆ. ಯಾಕಂದರೆ ಮೊದಲನೆಯದರಲ್ಲಿ ಮನುಷ್ಯನು ತನಗೆ ಕೊಡಲ್ಪಟ್ಟ ಜೀವಕ್ಕೆ ಸಲ್ಲಿಸಬೇಕಾದದ್ದು ಅಡಗಿದೆ. ಎರಡನೆಯದರಲ್ಲಿ ಅವನು ತನ್ನ ನೆರೆಯವನಿಗೆ ಸಲ್ಲಿಸಬೇಕಾದದ್ದು ಅಡಗಿದೆ. ಈ ಎರಡನ್ನೂ ಕ್ರಮವಾಗಿ ವಿಚಾರಿಸೋಣ.

ಕೆಲವರು ಹೇಳುವದೇನಂದರೆ: ದೇಹವು ತನಗೆ ಬೇಕಾದದ್ದನ್ನು ತಾನೇ ಬಲ್ಲದು, ಜಡ್ಡು ಬಿದ್ದ ಎತ್ತು ಮೇವನ್ನು ಮುಟ್ಟುವದಿಲ್ಲ, ನಾಯಿಯು ಮೂಲೆಯನ್ನು ಹಿಡಿದು ಮಲಗುತ್ತದೆ, ಮನುಷ್ಯನು ಮಾತ್ರ ಯಾಕೆ ಬೇಡವಾದದ್ದನ್ನು ತಿನ್ನಬೇಕು? ಲಂಘನವೇ ಪರಮೌಷಧವಲ್ಲವೇ? ಈ ಮಾತಿನಲ್ಲಿ ಸತ್ಯದ ಒಂದು ಪಾಲು ಇದೆ. ರೋಗಾಣುಗಳು ದೇಹದೊಳಗೆ ಬಂದಾಗ ಅವುಗಳೊಡನೆ ಹೋರಾಡುವ ನಮ್ಮ ರಕ್ತದ ಕಣಗಳು ಕೆಲವು ದ್ರವ್ಯಗಳನ್ನು ಹೊರಡಿಸುತ್ತವೆ. ಅವುಗಳ ಸುದ್ದಿಯು ಮಿದುಳನ್ನು ಮುಟ್ಟಿ, ಜ್ವರವನ್ನೂ ತೂಕಡಿಕೆಯನ್ನೂ ಹುಟ್ಟಿಸುವಂತೆಯೇ ಹಸಿವನ್ನೂ ತಗ್ಗಿಸುತ್ತದೆಂದು ಈಗಿನ ವೈದ್ಯಶಾಸ್ತ್ರವು ತಿಳಿಸುತ್ತದೆ. ಆದದರಿಂದ ಮೈತುಂಬಿಕೊಂಡಿದ್ದ ಪ್ರಾಯದವನು ಎರಡು ಮೂರು ದಿವಸದ ಜ್ವರದಲ್ಲಿ ಸ್ವಲ್ಪವೇ ಉಂಡರೂ, ನೀರನ್ನು ಚೆನ್ನಾಗಿ ಕುಡಿಯುತ್ತಿದ್ದರೆ, ಸಾಮಾನ್ಯವಾಗಿ ಅವನಿಗೆ ಹಾನಿಯಾಗುವದಿಲ್ಲ. ಜ್ವರ ಇಳಿದ ಮೇಲೆ ಹಸಿವು ತಾನೇ ತಿರಿಗಿ ಬರುವದು, ಕಳಕೊಂಡದ್ದನ್ನೂ ಅವನು ತುಂಬಿಕೊಳ್ಳುವನು.

ಆದರೆ ಎರಡು ದಿವಸದ ಜ್ವರಕ್ಕೆ ಹೇಳಿದ ಮಾತನ್ನು ಎರಡು ತಿಂಗಳಿನ ಬೇನೆಗೆ ಹೇಳಲಾಗದು. ಕ್ಷಯ, ಅರ್ಬುದ, ಪಿತ್ತಕೋಶದ ಬೇನೆ, ಮೂತ್ರಪಿಂಡದ ಬೇನೆ ಮುಂತಾದವುಗಳಲ್ಲಿ ಹಸಿವು ವಾರಗಟ್ಟಲೆ ಬಾರದೆ ಇರುವದು. ಹೊರಗಿನಿಂದ ಅನ್ನವು ಬಾರದಿದ್ದರೆ ದೇಹವು ಸುಮ್ಮನಿರುವದಿಲ್ಲ. ಅದು ತನ್ನನ್ನೇ ತಿನ್ನುತ್ತದೆ. ಕೂಡಿಟ್ಟ ಕೊಬ್ಬನ್ನು ತಿನ್ನುತ್ತದೆ; ಅದರ ಸಂಗಡ ತೋಳುತೊಡೆಗಳ ಮಾಂಸವನ್ನೂ ಕರಗಿಸುತ್ತದೆ; ಕಡೆಗೆ ಉಸಿರಾಟವನ್ನು ನಡಿಸುವ ಸ್ನಾಯುಗಳನ್ನು ಸಹ ಬಿಡುವದಿಲ್ಲ. ಬೆಳೆಯು ಬಾರದ ವರುಷದಲ್ಲಿ ಒಕ್ಕಲಿಗನು ಬಿತ್ತುವ ಬೀಜವನ್ನೇ ಬೇಯಿಸಿ ತಿಂದಂತೆ ಇದು. ಬಳಿಕ ಗಾಯ ಮಾಯುವದು ತಡವಾಗುವದು, ಔಷಧವನ್ನು ತಾಳುವ ಶಕ್ತಿ ಕುಗ್ಗುವದು, ಹೊಸ ರೋಗವು ಸುಲಭವಾಗಿ ಹೊಗುವದು. ಇಂಥ ಸಮಯದಲ್ಲಿ "ಹಸಿವಿಲ್ಲ" ಎಂಬ ಮಾತು ದೇಹದ ಬುದ್ಧಿಯಲ್ಲ, ದೇಹದ ಬೇನೆಯೇ. ಕಾಮಾಲೆಯವನ ಕಣ್ಣಿಗೆ ಲೋಕವೆಲ್ಲಾ ಹಳದಿಯಾಗಿ ಕಾಣುವದೆಂದು ಹೇಳುತ್ತೇವೆ. ಅವನ ಮಾತನ್ನು ನಂಬಿ ಬಟ್ಟೆಗಳನ್ನು ಒಗೆಯಲಿಕ್ಕೆ ಹಾಕುವದಿಲ್ಲವಷ್ಟೆ. ಹಾಗೆಯೇ ರೋಗಿಯ ಕಾಲು ಸೋತಂತೆ ಅವನ ಹಸಿವೂ ಸೋತಿದೆ. ಅದರ ಅಪ್ಪಣೆಗಾಗಿ ಕಾದಿರಬಾರದು.

ಇದು ಬರೇ ಊಹೆಯಲ್ಲ. 1915ರಲ್ಲಿ ಮದನಪಲ್ಲಿಯ ಹತ್ತಿರ ಆರೋಗ್ಯವರದಲ್ಲಿ ಅನೇಕ ಮಿಶನುಗಳು ಕೂಡಿ ಕ್ಷಯರೋಗಿಗಳಿಗಾಗಿ ಆರೋಗ್ಯಾಶ್ರಮವನ್ನು ತೆರೆದಾಗ, ಕ್ಷಯದ ರೋಗಾಣುವನ್ನು ಕೊಲ್ಲುವ ಔಷಧವು ಲೋಕದಲ್ಲಿ ಇನ್ನೂ ಇರಲಿಲ್ಲ. ಒಳ್ಳೇ ಗಾಳಿ, ವಿಶ್ರಾಂತಿ, ಪುಷ್ಟಿಯುಳ್ಳ ಆಹಾರ ಇವೇ ಅಂದಿನ ಆರೋಗ್ಯಾಶ್ರಮಗಳ ಚಿಕಿತ್ಸೆ. ಔಷಧಗಳು ಬಂದ ಮೇಲೆ ಅನೇಕರು ಆಹಾರದ ಮಾತನ್ನು ಹಿಂದಕ್ಕೆ ತಳ್ಳಿದರು. ಈಚೆಗೆ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಎಂಬವರೂ ಅವರ ಜೊತೆಗಾರರೂ 2019ರಿಂದ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದರು. 2800 ಮಂದಿ ಕ್ಷಯರೋಗಿಗಳಿಗೆ ಔಷಧದ ಸಂಗಡ ತಿಂಗಳಿಗೆ 10 ಕಿಲೋ ಆಹಾರದ ಚೀಲವನ್ನು ಕೊಟ್ಟರು. ಆ ರೋಗಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಮೊದಲೇ ತೂಕ ಕಡಿಮೆಯಿದ್ದವರು. 2023ರಲ್ಲಿ ಪ್ರಕಟವಾದ ಫಲವೇನಂದರೆ, ಮೊದಲಿನ ಎರಡು ತಿಂಗಳಲ್ಲಿ ಯಾರ ತೂಕವು ನೂರಕ್ಕೆ ಐದರಷ್ಟು ಏರಿತೋ ಅವರಿಗೆ ಮರಣದ ಅಪಾಯವು ಇತರರಿಗಿಂತ ನೂರಕ್ಕೆ ಸುಮಾರು 61ರಷ್ಟು ಕಡಿಮೆಯಾಗಿ ಕಂಡಿತು. ನಾಲ್ವತ್ತು ಕಿಲೋ ತೂಗುವವನಿಗೆ ಇದು ಎರಡೇ ಕಿಲೋ! ಅನ್ನವು ಔಷಧಕ್ಕೆ ಬದಲಾಗಲಾರದು; ಗುಳಿಗೆಯನ್ನು ಬಿಟ್ಟು ಹಾಲುತತ್ತಿಗಳಿಂದಲೇ ಕ್ಷಯವನ್ನು ಗೆಲ್ಲುವೆನೆಂಬವನು ಮೋಸಹೋಗುವನು. ಆದರೆ ಗುಳಿಗೆಯನ್ನು ನುಂಗಿ ತಟ್ಟೆಯನ್ನು ಸರಿಸುವವನು ಅರ್ಧ ಚಿಕಿತ್ಸೆಯನ್ನೇ ಬಿಟ್ಟವನು.

ಹೀಗಿರಲಾಗಿ ಮೊದಲನೆಯ ಪ್ರಶ್ನೆಗೆ ಉತ್ತರವು ಇದೇ: ಗುಣವಾಗುವ ನಿರೀಕ್ಷೆ ಇರುವ ತನಕ ರೋಗಿಯು ಹಸಿವಿನಿಂದಲ್ಲ, ಮನಸ್ಸಿನ ನಿಶ್ಚಯದಿಂದ ಉಣ್ಣತಕ್ಕದ್ದು. ಕಹಿ ಔಷಧವನ್ನು ರುಚಿಗಾಗಿ ಯಾರೂ ಕುಡಿಯುವದಿಲ್ಲ, ಹೊತ್ತಾಯಿತೆಂದು ಕುಡಿಯುತ್ತಾರೆ. ಅಂಥ ದಿವಸಗಳಲ್ಲಿ ಅನ್ನವನ್ನೂ ಹಾಗೆಯೇ ಎಣಿಸಬೇಕು.

ಇದಕ್ಕೆ ಎರಡು ಅಡ್ಡಿಗಳು ಬರುವದುಂಟು. ಎರಡೂ ಭಕ್ತಿಯ ವೇಷವನ್ನು ಹಾಕಿಕೊಂಡು ಬರುತ್ತವೆ. ಮೊದಲನೆಯದು ಉಪವಾಸದ ವೇಷ. "ಉಣ್ಣದಿದ್ದರೆ ಏನಾಯಿತು, ಉಪವಾಸವೆಂದು ತಿಳಿದುಕೊಳ್ಳುತ್ತೇನೆ" ಎಂದು ಕೆಲವು ವೃದ್ಧರು ಹೇಳುತ್ತಾರೆ. ಉಪವಾಸವೆಂದರೆ ತನಗೆ ಬೇಕಾದದ್ದನ್ನು ಬಿಡುವದು. ಬೇಡವಾದದ್ದನ್ನು ಬಿಡುವದರಲ್ಲಿ ತ್ಯಾಗವೇನಿದೆ? ಹಸಿವುಳ್ಳವನಿಗೆ ಊಟವನ್ನು ಬಿಡುವದು ಕಷ್ಟ. ಹಸಿವಿಲ್ಲದವನಿಗೆ ಊಟವನ್ನು ಮಾಡುವದೇ ಕಷ್ಟ. ಹಾಗಾದರೆ ರೋಗಿಯು ಪ್ರಯಾಸದಿಂದ ನುಂಗಿದ ನಾಲ್ಕು ತುತ್ತುಗಳೇ ಆ ದಿವಸದಲ್ಲಿ ಅವನ ನಿಜವಾದ ಆತ್ಮನಿಗ್ರಹವು.

ಎರಡನೆಯದು ಪರೋಪಕಾರದ ವೇಷ. "ನನ್ನ ಮೇಲೆ ಯಾಕೆ ಹಾಲನ್ನು ಹಾಳುಮಾಡುತ್ತೀರಿ? ದುಡಿಯುವವರು ತಿನ್ನಲಿ, ಮಕ್ಕಳು ತಿನ್ನಲಿ" ಎಂಬ ಮಾತು ಬಡವರ ಮನೆಗಳಲ್ಲಿ ಬಹಳವಾಗಿ ಕೇಳಬರುತ್ತದೆ. ಅದನ್ನು ಹೆಚ್ಚಾಗಿ ಹೇಳುವವರು ಯಾರು? ಯಾವಾಗಲೂ ಎಲ್ಲರ ತರುವಾಯ ಉಣ್ಣುವ ತಾಯಂದಿರು, ಇನ್ನು ದುಡಿಯಲಾರದ ಮುದುಕರು. ಇಂಥವರ ಮಾತಿನಲ್ಲಿ ಪ್ರೀತಿಯುಂಟು, ಆದರೆ ಅದರ ಅಡಿಯಲ್ಲಿ "ನಾನು ಭಾರವಾದೆನು" ಎಂಬ ನೋವೂ ಉಂಟು. ಮನೆಯವರು ಅದನ್ನು ಸುಮ್ಮನೆ ಒಪ್ಪಿಕೊಂಡರೆ ಆ ನೋವಿಗೆ ಹೌದೆಂದು ಸಾಕ್ಷಿ ಹೇಳಿದಂತಾಗುವದು. ತಾಯಿಯು ಹಾಸಿಗೆ ಹಿಡಿದರೆ ಮಕ್ಕಳಿಗೆ ಅನ್ನ ಬೇಯಿಸುವವರು ಯಾರು? ತನ್ನ ಪಾಲಿನ ಒಂದು ತತ್ತಿಯನ್ನು ತಿಂದು ಎದ್ದು ಕೂಡ್ರುವವಳು ಮಕ್ಕಳಿಂದ ಕಸಕೊಂಡವಳಲ್ಲ. ಮಕ್ಕಳ ಪಾಲನ್ನೂ ನಾವು ಮರೆಯಬಾರದು. ಝಾರ್ಖಂಡದ ಆ ಪರೀಕ್ಷೆಯಲ್ಲಿ ಕೆಲವು ರೋಗಿಗಳ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿಯನ್ನೂ ಒಂದೂವರೆ ಕಿಲೋ ಬೇಳೆಯನ್ನೂ, ಜೀವಸತ್ವಗಳ ಗುಳಿಗೆಗಳನ್ನೂ ಕೊಡಲಾಗಿ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಸಂಖ್ಯೆಯು ಇತರ ಮನೆಗಳಿಗಿಂತ ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾಯಿತು. ಆದದರಿಂದ ರೋಗಿಯೋ ಮಕ್ಕಳೋ ಎಂದು ಒಂದೇ ತಟ್ಟೆಗಾಗಿ ಜಗಳಾಡುವ ಹಾಗೆ ಆ ಮನೆಯನ್ನು ಬಿಡುವದು ನೆರೆಯವರಿಗೂ ಸಭೆಗೂ ತಪ್ಪು. ಕ್ಷಯರೋಗಿಯ ಆಹಾರಕ್ಕೆಂದು ಸರಕಾರವು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡುತ್ತಾ ಬಂದು, 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದೆ. ಈ ಹಣವು ಬೇರೆ ಸಾಲಕ್ಕೆ ಹೋಗದೆ ರೋಗಿಯ ತಟ್ಟೆಗೆ ಬರುವಂತೆ ನೋಡುವದು ಮನೆಯ ಯಜಮಾನನ ಹೊಣೆ.

ಇನ್ನು ಎರಡನೆಯ ಪ್ರಶ್ನೆ: ಬಳಿಯಲ್ಲಿರುವವರು ಮಾಡತಕ್ಕದ್ದೇನು? ಪವಿತ್ರ ಗ್ರಂಥದಲ್ಲಿ ಎಲೀಯನ ಚರಿತ್ರೆಯನ್ನು ನೆನಪಿಗೆ ತಂದುಕೊಳ್ಳಿರಿ. ಆ ಪ್ರವಾದಿಯು ಓಡಿ ಓಡಿ ದಣಿದು, ಮನಸ್ಸು ಕುಗ್ಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು ಮರಣವನ್ನು ಬೇಡಿಕೊಂಡನು. ದೂತನು ಬಂದು ಅವನನ್ನು ಗದರಿಸಲಿಲ್ಲ. ಅವಿಶ್ವಾಸಿಯೆಂದು ಉಪದೇಶ ಮಾಡಲಿಲ್ಲ. ಮೆಲ್ಲಗೆ ತಟ್ಟಿ, ಏಳು, ತಿನ್ನು ಎಂದನು. ತಲೆಯ ಬಳಿಯಲ್ಲಿ ಬಿಸಿ ರೊಟ್ಟಿಯೂ ನೀರೂ ಇದ್ದವು. ಎಲೀಯನು ತಿಂದು ಕುಡಿದು ತಿರಿಗಿ ಮಲಗಿದನು. ದೂತನು ಅದಕ್ಕೂ ಬೇಸರಪಡದೆ ಅವನನ್ನು ಮಲಗಗೊಟ್ಟು, ಎರಡನೆಯ ಸಾರಿ ಬಂದು ಎಬ್ಬಿಸಿದನು. ರೋಗಿಯ ಶುಶ್ರೂಷೆಯ ಸಾರವೆಲ್ಲವೂ ಇಷ್ಟರಲ್ಲೇ ಇದೆ: ಸಿದ್ಧವಾದ ಬಿಸಿ ಆಹಾರ, ಮೃದುವಾದ ಮಾತು, ಸ್ವಲ್ಪವೇ ತಿಂದರೂ ಸಿಟ್ಟಾಗದೆ ಇನ್ನೊಂದು ಸಾರಿ ಬರುವ ತಾಳ್ಮೆ.

ಯುದ್ಧದ ಆಸ್ಪತ್ರೆಗಳಲ್ಲಿ ಸೇವೆಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು 1859ರಲ್ಲಿ ಶುಶ್ರೂಷೆಯ ವಿಷಯವಾಗಿ ಬರೆದ ಪುಸ್ತಕದಲ್ಲಿ ಇದನ್ನೇ ಅನುಭವದಿಂದ ಹೇಳಿದ್ದಾಳೆ. ಆಹಾರವು ಬೇಕಾದಷ್ಟು ಇದ್ದರೂ, ಅದನ್ನು ಕೊಡುವ ರೀತಿಯನ್ನು ಯಾರೂ ಗಮನಿಸದ ಕಾರಣ ಅನೇಕ ರೋಗಿಗಳು ಹಸಿದು ಸಾಯುತ್ತಾರೆಂದು ಆಕೆ ಕಂಡಳು. ಬಹಳ ಬಲಹೀನನಾದವನಿಗೆ ಬೆಳಿಗ್ಗೆ ಗಟ್ಟಿ ಆಹಾರವು ಇಳಿಯದಿದ್ದರೆ, ಗಂಟೆಗೊಂದು ಚಮಚದಂತೆ ದ್ರವಾಹಾರವನ್ನು ಕೊಟ್ಟು ಶಕ್ತಿಯನ್ನು ಹಿಡಿದಿಡಬೇಕೆಂದೂ, ಅವನು ಮುಟ್ಟದೆ ಬಿಟ್ಟ ತಟ್ಟೆಯನ್ನು ಮುಂದಿನ ಹೊತ್ತಿಗೆ ತಿಂದಾನೆಂದು ಹಾಸಿಗೆಯ ಬಳಿಯಲ್ಲೇ ಇಡಬಾರದೆಂದೂ ಆಕೆಯ ಬುದ್ಧಿವಾದ. ಆರಿದ ಅನ್ನವನ್ನು ಗಂಟೆಗಟ್ಟಲೆ ನೋಡುತ್ತಾ ಮಲಗಿದವನಿಗೆ ಹಸಿವು ಬರುವದೆಲ್ಲಿಂದ? ರಷ್ಯಾ ದೇಶದ ಪಾವ್ಲೋವ್ ಎಂಬ ಪಂಡಿತನು, ಆಹಾರವು ಹೊಟ್ಟೆಯನ್ನು ಮುಟ್ಟುವದಕ್ಕೆ ಮುಂಚೆಯೇ, ಇಷ್ಟವಾದ ತಿನಿಸನ್ನು ಕಂಡ ಮಾತ್ರಕ್ಕೆ ಜೀರ್ಣರಸವು ಸುರಿಯತೊಡಗುವದೆಂದು ನಾಯಿಗಳಲ್ಲಿ ತೋರಿಸಿಕೊಟ್ಟನು. ಜೀರ್ಣಕ್ರಿಯೆಯ ಶೋಧನೆಗಳಿಗಾಗಿ ಅವನಿಗೆ 1904ರಲ್ಲಿ ನೊಬೆಲ್ ಬಹುಮಾನವು ಸಿಕ್ಕಿತು. ಆದದರಿಂದ ತೊಳೆದ ತಟ್ಟೆ, ಬಿಸಿಯಾದ ಆಹಾರ, ರೋಗಿಗೆ ಮೊದಲಿನಿಂದಲೂ ಇಷ್ಟವಾದದ್ದು, ಇವು ವೃಥಾ ಉಪಚಾರಗಳಲ್ಲ.

ನಮ್ಮ ಹಳ್ಳಿಯ ಮನೆಗಳಲ್ಲಿ ಸಾಧ್ಯವಾದ ಕೆಲವು ಕ್ರಮಗಳನ್ನು ಇಲ್ಲಿ ಹೇಳುತ್ತೇವೆ. ಮೂರು ದೊಡ್ಡ ಊಟಗಳ ಬದಲಾಗಿ ಆರು ಸಣ್ಣ ಊಟಗಳನ್ನು ಕೊಡಿರಿ. ತುಂಬಿದ ತಟ್ಟೆಯು ರೋಗಿಯನ್ನು ಹೆದರಿಸುತ್ತದೆ, ಬಟ್ಟಲು ಹೆದರಿಸುವದಿಲ್ಲ. ದಿವಸದಲ್ಲಿ ಯಾವ ಹೊತ್ತಿನಲ್ಲಿ ಅವನಿಗೆ ಹಾಯೆನಿಸುವದೋ ಆ ಹೊತ್ತಿಗೆ ಸಾರವುಳ್ಳ ಆಹಾರವನ್ನು ಇಡಿರಿ. ಉಣ್ಣುವದಕ್ಕೆ ಮುಂಚೆ ಬಾಯನ್ನು ಉಪ್ಪುನೀರಿನಿಂದ ಮುಕ್ಕಳಿಸಲಿ. ಊಟದ ಹೊತ್ತಿನಲ್ಲಿ ಚೊಂಬು ತುಂಬ ನೀರನ್ನು ಕುಡಿದರೆ ಹೊಟ್ಟೆ ನೀರಿನಿಂದಲೇ ತುಂಬುವದು. ನೀರನ್ನು ಊಟದ ನಡುವಿನ ವೇಳೆಗಳಲ್ಲಿ ಕೊಡಿರಿ. ತೆಳು ಗಂಜಿಯ ತಿಳಿಯನ್ನೇ ಕುಡಿಸಿ ತೃಪ್ತರಾಗಬೇಡಿರಿ. ಅದರಲ್ಲಿ ಹೆಚ್ಚಾಗಿ ಇರುವದು ನೀರು. ಒಂದು ಸಣ್ಣ ಚಮಚ ತುಪ್ಪವು ಸುಮಾರು 45 ಕ್ಯಾಲೊರಿಗಳ ಶಕ್ತಿಯನ್ನು ಕೊಡುತ್ತದೆ. ಅದನ್ನು ಗಂಜಿಗೆ ಕೂಡಿಸಿದರೆ ಗಂಜಿಯು ಹೆಚ್ಚುವದಿಲ್ಲ, ಶಕ್ತಿ ಹೆಚ್ಚುವದು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಹುರಿದು ಕುಟ್ಟಿ ಬೆಲ್ಲದೊಡನೆ ಉಂಡೆಕಟ್ಟಿದರೆ ತಿನ್ನುವದು ಸುಲಭ. ರಾಗಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ ಒಣಗಿಸಿ ಬೀಸಿದ ಹಿಟ್ಟಿನ ಗಂಜಿಯು ಮತ್ತೂ ಒಳ್ಳೇದು. ಮೊಳೆಯುವಾಗ ಹುಟ್ಟುವ ಒಂದು ದ್ರವ್ಯವು ಪಿಷ್ಟವನ್ನು ಒಡೆಯುವದರಿಂದ ಹೆಚ್ಚು ಹಿಟ್ಟನ್ನು ಹಾಕಿದರೂ ಗಂಜಿಯು ಅಂಟಾಗದೆ ಸುಲಭವಾಗಿ ಇಳಿಯುವದು. ಸಕ್ಕರೆಯ ಬೇನೆ, ಮೂತ್ರಪಿಂಡದ ಬೇನೆ ಇದ್ದವರಿಗೆ ಏನನ್ನು ಕೊಡಬಹುದೆಂದು ವೈದ್ಯನನ್ನು ಕೇಳದೆ ಇವನ್ನು ಮಾಡಬೇಡಿರಿ. ಬಹುದಿನ ಉಣ್ಣದೆ ಸೊರಗಿದವನಿಗೆ ಒಮ್ಮೆಲೇ ಬಹಳವಾಗಿ ಉಣ್ಣಿಸಿದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯವು ಸೋಲುವ ಅಪಾಯವಿದೆ; ಅಂಥವನಿಗೆ ವೈದ್ಯನ ಮಾತಿನಂತೆ ಸ್ವಲ್ಪ ಸ್ವಲ್ಪವಾಗಿಯೇ ಹೆಚ್ಚಿಸಬೇಕು.

ಇವೆಲ್ಲವುಗಳಿಗಿಂತ ಮುಂಚೆ, ಅವನು ಯಾಕೆ ಉಣ್ಣುವದಿಲ್ಲವೆಂದು ವಿಚಾರಿಸಿರಿ. ಬಾಯಲ್ಲಿ ಹುಣ್ಣು ಇರಬಹುದು, ಮಲಬದ್ಧತೆ ಇರಬಹುದು, ಗುಳಿಗೆಯೇ ಓಕರಿಕೆಯನ್ನು ಹುಟ್ಟಿಸುತ್ತಿರಬಹುದು, ಮನಸ್ಸಿನ ಕುಗ್ಗುವಿಕೆಯು ಸಹ ಹಸಿವನ್ನು ಕೊಲ್ಲುವ ಬೇನೆಯೇ. ಇವುಗಳಿಗೆ ವೈದ್ಯನ ಬಳಿಯಲ್ಲಿ ಉಪಾಯಗಳುಂಟು. ಕಾರಣವನ್ನು ಕೇಳದೆ "ಹಟಮಾರಿ" ಎಂದು ಹೆಸರಿಡುವದು ಅನ್ಯಾಯ.

ಬಲವಂತದ ವಿಷಯವೇನು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯ ಎರಡು ಅರ್ಧಗಳೂ ರೋಗಿಯ ಕೋಣೆಯಲ್ಲಿ ಒಟ್ಟಾಗಿ ಬೇಕು. "ನಾನು ಇಷ್ಟು ಕಷ್ಟಪಟ್ಟು ಮಾಡಿದೆನು, ನೀವು ಮುಟ್ಟಲಿಲ್ಲ" ಎಂಬ ಮಾತು ರೋಗಿಯನ್ನು ಸಾಲಗಾರನನ್ನಾಗಿ ಮಾಡುತ್ತದೆ. "ಮಾವಾ, ಎರಡು ಚಮಚ ಸಾಕು, ಉಳಿದದ್ದನ್ನು ಆಮೇಲೆ ನೋಡೋಣ" ಎಂದು ಹೇಳುವ ಸೊಸೆಯು ಅವನಿಗೆ ಗೆಲ್ಲಬಹುದಾದ ಒಂದು ಸಣ್ಣ ಕೆಲಸವನ್ನು ಕೊಡುತ್ತಾಳೆ. ಮೊದಲನೆಯವರ ಕಣ್ಣು ತಟ್ಟೆಯ ಮೇಲಿದೆ, ಎರಡನೆಯವಳ ಕಣ್ಣು ಮನುಷ್ಯನ ಮೇಲಿದೆ. ಮಲಗಿದವನ ಬಾಯಿ ತೆರೆಸಿ ಸುರಿದರೆ ಆಹಾರವು ಶ್ವಾಸನಾಳವನ್ನು ಹೊಕ್ಕು ಪ್ರಾಣಕ್ಕೇ ಅಪಾಯವಾದೀತು. ಉಣ್ಣುವದು ರೋಗಿಯ ಕರ್ತವ್ಯವೆಂದು ನಾವು ಹೇಳಿದೆವು. ಕರ್ತವ್ಯವನ್ನು ಅವನೇ ಮಾಡಬೇಕು. ಇತರರು ಅದನ್ನು ಸುಲಭಮಾಡಬಹುದೇ ಹೊರತು ಅವನಿಂದ ಕಸಕೊಳ್ಳಬಾರದು.

ಕಡೆಯದಾಗಿ ಹೇಳಲಿಕ್ಕೆ ಕಷ್ಟವಾದ ಒಂದು ಮಾತು ಉಂಟು. ಗುಣವಾಗುವ ಬೇನೆಯಲ್ಲಿ ಹಸಿವಿನ ಮಾತನ್ನು ನಂಬಬಾರದೆಂದು ನಾವು ಬರೆದೆವು. ಆದರೆ ವೈದ್ಯರು ಕೈಬಿಟ್ಟು, ಪ್ರಯಾಣದ ದಿವಸಗಳು ಸಮೀಪಿಸಿದಾಗ, ದೇಹವು ಒಂದೊಂದೇ ಬಾಗಿಲನ್ನು ಮುಚ್ಚುತ್ತಾ ಬರುತ್ತದೆ. ಅನ್ನವನ್ನು ಅರಗಿಸುವ ಕೆಲಸವು ಅವುಗಳಲ್ಲಿ ಒಂದು. ಆಗ ಎಷ್ಟು ಉಣ್ಣಿಸಿದರೂ ಮೈ ತುಂಬುವದಿಲ್ಲ. ವಾಂತಿ, ಉಬ್ಬಸ, ಸಂಕಟ ಇವೇ ಹೆಚ್ಚುವವು. ಸಾಯುವವರನ್ನು ನೋಡಿಕೊಳ್ಳುವದಕ್ಕಾಗಿ 1967ರಲ್ಲಿ ಲಂಡನ್ ನಗರದಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯಳು ಸೇಂಟ್ ಕ್ರಿಸ್ಟೋಫರ್ ಎಂಬ ಆಲಯವನ್ನು ತೆರೆದ ಮೇಲೆ ಬೆಳೆದ ಈ ಶುಶ್ರೂಷೆಯ ಅನುಭವವೇನಂದರೆ, ಅಂಥವರಲ್ಲಿ ಹೆಚ್ಚಿನವರಿಗೆ ಹಸಿವಿನ ಬಾಧೆ ಇರುವದಿಲ್ಲ. ಬಾಯಿ ಒಣಗುವದೇ ಅವರ ಬಾಧೆ. ತುಟಿಗಳನ್ನು ಒದ್ದೆಮಾಡುವದು, ಕೇಳಿದರೆ ಒಂದು ಗುಟುಕು ಕೊಡುವದು, ಕೈ ಹಿಡಿದು ಕೂಡ್ರುವದು ಇಷ್ಟೇ ಸಾಕು. "ಉಪವಾಸ ಕೆಡವಿ ಕೊಂದರು" ಎಂದು ಊರು ಅಂದೀತೆಂಬ ಭಯದಿಂದ ಸಾಯುವವನ ಬಾಯಿಗೆ ತುತ್ತನ್ನು ತುರುಕಬೇಡಿರಿ. ಅದು ಅವನಿಗಾಗಿ ಅಲ್ಲ, ನಮ್ಮ ಸಮಾಧಾನಕ್ಕಾಗಿ. ಆದರೆ ಈ ಹೊತ್ತು ಬಂದಿದೆಯೆಂಬ ತೀರ್ಮಾನವನ್ನು ನಮ್ಮ ಬೇಸರದಿಂದಾಗಲಿ ಬಡತನದಿಂದಾಗಲಿ ಮಾಡಬಾರದು. ಬಲ್ಲ ವೈದ್ಯನನ್ನು ಕೇಳಿ, ರೋಗಿಯ ಇಷ್ಟವನ್ನು ತಿಳಿದು ಮಾಡಬೇಕು.

ಹೀಗೆ ಉಣ್ಣಿಸುವದೂ ಪ್ರೀತಿಯೇ, ಬಟ್ಟಲನ್ನು ಕೆಳಗಿಡುವದೂ ಪ್ರೀತಿಯೇ. ಯಾವ ಹೊತ್ತಿಗೆ ಯಾವದು ಎಂದು ತಿಳಿಯುವದಕ್ಕೆ ಪ್ರೀತಿಯೊಡನೆ ವಿವೇಕವೂ ಬೇಕು. ಈ ಪತ್ರಿಕೆಯು ನಿಮ್ಮ ಕೈಗೆ ಸೇರುವಾಗ ನಿಮ್ಮ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಬರಿಗೈಯಿಂದ ನೋಡಲಿಕ್ಕೆ ಹೋಗಬೇಡಿರಿ. ಹಿತೋಪದೇಶವನ್ನು ಮಾತ್ರವೇ ಹೊತ್ತುಕೊಂಡು ಹೋಗಬೇಡಿರಿ. ಎರಡು ತತ್ತಿಗಳನ್ನೋ ಒಂದು ಲೋಟ ಹಾಲನ್ನೋ ಒಯ್ಯಿರಿ. ಅವರ ಬಳಿಯಲ್ಲಿ ಕೂತು ನೀವೂ ಒಂದು ತುತ್ತನ್ನು ತಿನ್ನಿರಿ. ಒಬ್ಬನೇ ಉಣ್ಣಲಾರದವನು ಜೊತೆಯಿದ್ದರೆ ಉಂಡಾನು. ಹಾಸಿಗೆಯಲ್ಲಿರುವ ಸಹೋದರ ಸಹೋದರಿಯರೇ, ನಿಮಗೂ ನಮ್ಮದೊಂದು ಬಿನ್ನಹ: ಈ ಹೊತ್ತು ಪೂರಾ ಊಟವನ್ನು ಮಾಡಬೇಕೆಂದು ಚಿಂತಿಸಬೇಡಿರಿ. ಈಗ ಒಂದು ಚಮಚವನ್ನು ತಕ್ಕೊಳ್ಳಿರಿ. ಇನ್ನೊಂದು ಗಂಟೆಯಾದ ಮೇಲೆ ಮತ್ತೊಂದನ್ನು ತಕ್ಕೊಳ್ಳಿರಿ.